ಹೊಂಡ ತೋಡುವ ಮೊದಲು

ಕಾಪುವಿನ ಕಡಲಂಚಿನ ಬಂಡೆಯ ಮೇಲೆ 1901ರಿಂದ ದೀಪಸ್ತಂಭ ನಿಂತಿದೆ. ಎತ್ತರ ಸುಮಾರು 27 ಮೀಟರ್. ಬಂಡೆ ಗಟ್ಟಿ, ಸುತ್ತ ಮನೆಗಳಿಲ್ಲ, ದೂರದ ದೋಣಿಗೂ ಬೆಳಕು ಕಾಣುತ್ತದೆ. ಮಲ್ಪೆಯ ದೋಣಿಗೂ ಪಡುಬಿದ್ರಿಯ ದೋಣಿಗೂ ಅದೇ ದೀಪ. ಎಲ್ಲರ ಬಳಕೆಗೆ ಒಂದೇ ಗೋಪುರ ಸಾಕು ಎಂಬ ವಿಚಾರ ನಮ್ಮ ಕರಾವಳಿಗೆ ಹೊಸದಲ್ಲ.

ಮೊಬೈಲ್ ಟವರಿನ ವಿಷಯದಲ್ಲಿ ಮಾತ್ರ ನಾವು ಜಾಗದ ಮಾತು ಎತ್ತುವುದೇ ಹೊಂಡ ತೋಡಿದ ಮೇಲೆ. ಜೆಸಿಬಿ ಬಂದ ದಿನ ಅಕ್ಕಪಕ್ಕದವರು ಸೇರುತ್ತಾರೆ, ವಾರ್ಡಿನ ಸದಸ್ಯರಿಗೆ ಫೋನು ಹೋಗುತ್ತದೆ, ನಗರಸಭೆಗೆ ಮನವಿ ಸಲ್ಲುತ್ತದೆ, ಕೆಲಸ ನಿಲ್ಲುತ್ತದೆ. ಕೆಲವು ತಿಂಗಳ ಬಳಿಕ ಅದೇ ಟವರು ಎರಡು ಬೀದಿ ಆಚೆ, ಬಾಡಿಗೆದಾರರೇ ಹೆಚ್ಚಿರುವ, ಕೇಳುವವರಿಲ್ಲದ ಕಡೆ ಏಳುವುದನ್ನು ನಾನು ನೋಡಿದ್ದೇನೆ. ಇದಕ್ಕೆ ನ್ಯಾಯ ಎನ್ನಲು ನನ್ನಿಂದಾಗದು.

ಮನವಿಗಳ ಮೊದಲ ಸಾಲಿನಲ್ಲಿ ಇರುವುದು ವಿಕಿರಣ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ತರಂಗಗಳನ್ನು 'ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇರುವ' ಗುಂಪಿಗೆ ಸೇರಿಸಿತು. ಮರುವರ್ಷ ಸೆಪ್ಟೆಂಬರ್ 1ರಿಂದ ಭಾರತ ತನ್ನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ಗೆ ಅದು ಚದರ ಮೀಟರಿಗೆ 0.45 ವಾಟ್. ನಮ್ಮ ಸುತ್ತಲಿನ ಟವರುಗಳ ವಿವರ 2017ರಿಂದ 'ತರಂಗ ಸಂಚಾರ್' ಜಾಲತಾಣದಲ್ಲಿದೆ. ಶುಲ್ಕ ಕಟ್ಟಿ ಅಳತೆಯನ್ನೂ ಮಾಡಿಸಬಹುದು. ಇನ್ನೊಂದು ಸಂಗತಿಯನ್ನು ಮನೆಮನೆಗೆ ಹೇಳಬೇಕು: ಸಿಗ್ನಲ್ ಕುಂದಿದಷ್ಟೂ ಕಿವಿಗೆ ಹಿಡಿದ ಫೋನು ಹೆಚ್ಚು ಶಕ್ತಿಯಲ್ಲಿ ತರಂಗ ಬಿಡುತ್ತದೆ. ಟವರನ್ನು ದೂರಕ್ಕೆ ಅಟ್ಟಿದ ಮಾತ್ರಕ್ಕೆ ನಮ್ಮ ಮೇಲೆ ಬೀಳುವ ವಿಕಿರಣ ಕಡಿಮೆಯಾಗುವುದಿಲ್ಲ.

ಹಾಗಾದರೆ ಕೇಳಬೇಕಾದದ್ದು ಏನು? ಜಾಗ, ಗಟ್ಟಿತನ, ಹಂಚಿಕೆ.

ಕಾನೂನು ಸ್ಥಳೀಯ ಸಂಸ್ಥೆಗಳ ಕೈಯನ್ನು ಬಹಳ ಕಟ್ಟಿಹಾಕಿದೆ. 2022ರ ಆಗಸ್ಟ್‌ನ ಕೇಂದ್ರದ ತಿದ್ದುಪಡಿಯಿಂದ ಖಾಸಗಿ ಜಾಗದ ಟವರಿಗೆ ಮಾಲೀಕರ ಒಪ್ಪಿಗೆ, ಎಂಜಿನಿಯರರ ಪ್ರಮಾಣಪತ್ರ, ಮುಂಚಿನ ಒಂದು ಮಾಹಿತಿ ಪತ್ರ ಇಷ್ಟೇ ಸಾಕಾಯಿತು. 2025ರ ಜನವರಿ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದ ಅರ್ಜಿಗೆ ಗಡುವಿನೊಳಗೆ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಂತೆಯೇ. ಟವರಿನ ಬಾಡಿಗೆ ಹೋಗುವುದು ತಾರಸಿಯ ಯಜಮಾನರಿಗೆ, ಜನರೇಟರಿನ ಸದ್ದು ಪಕ್ಕದ ಮನೆಯವರಿಗೆ. ಅಮೆರಿಕದ 1996ರ ಕಾಯ್ದೆ ಬೇರೆ ದಾರಿ ಹಿಡಿಯಿತು. ಮಿತಿಯೊಳಗಿನ ವಿಕಿರಣದ ಕಾರಣ ಹೇಳಿ ಟವರು ತಡೆಯುವಂತಿಲ್ಲ, ಆದರೆ ಎಲ್ಲಿ ಎಂಬ ತೀರ್ಮಾನ ಊರಿನದೇ. 2009ರಲ್ಲಿ ಅಲ್ಲಿ ಗಡುವನ್ನೂ ಗೊತ್ತುಮಾಡಿದರು: ಇರುವ ಟವರಿಗೆ ಇನ್ನೊಂದು ಕಂಪನಿ ಸೇರಿಕೊಳ್ಳುವ ಅರ್ಜಿಗೆ 90 ದಿನ, ಹೊಸ ಟವರಿಗೆ 150. ಹಂಚಿಕೊಂಡವರಿಗೆ ಬೇಗ ಅನುಮತಿ. ಇದನ್ನು ನಾವೂ ಕಲಿಯಬಹುದು.

ಆದರೆ ಹಂಚಿಕೆ ಎಂದರೆ ಒಂದೇ ಕಂಬಕ್ಕೆ ಮೂರು ಕಂಪನಿಗಳ ಆಂಟೆನಾ. ಪ್ರತಿ ಹೊಸ ಆಂಟೆನಾದೊಂದಿಗೆ ಗಾಳಿಯ ಒತ್ತಡ ಏರುತ್ತದೆ. ನಮ್ಮದು ಉಪ್ಪುಗಾಳಿಯ ಸೀಮೆ, ಸತುವಿನ ಲೇಪ ಸವೆದಲ್ಲಿ ತುಕ್ಕು ಹಿಡಿಯಲು ಒಂದೆರಡು ಮಳೆಗಾಲ ಸಾಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ದಂಡೆಗೆ ಅಪ್ಪಳಿಸಿದ್ದನ್ನು ಕಾಪುವಿನ ಜನ ಮರೆತಿಲ್ಲ. ಕಟ್ಟುವ ದಿನದ ಪ್ರಮಾಣಪತ್ರವನ್ನೇ ಹತ್ತು ವರ್ಷ ನಂಬಿ ಕೂರುವುದು ಸರಿಯಲ್ಲ. ಆಂಟೆನಾ ಸೇರಿಸಿದಾಗಲೆಲ್ಲ ಹೊಸ ಲೆಕ್ಕ ಬೇಕು, ಪ್ರತಿ ಮಳೆಗಾಲಕ್ಕೆ ಮುಂಚೆ ಬೋಲ್ಟು, ಬುಡ, ಸಿಡಿಲು ವಾಹಕದ ತಪಾಸಣೆ ಬೇಕು. ಆ ಕಾಗದ ಪುರಸಭೆಯ ಫಲಕದಲ್ಲಿ ಜನರಿಗೆ ಕಾಣಬೇಕು.

ಇನ್ನು ಜಾಗದ ಮಾತು. ಎಲ್ಲಿ ಕಟ್ಟಬಹುದು, ಎಲ್ಲಿ ಬೇಡ ಎಂದು ಮೊದಲೇ ಗುರುತಿಸಿದ ವಲಯ ಎಂದರೇನು ಎಂಬುದು ಕಾರ್ಕಳದಲ್ಲಿ ಆಗಲೇ ಗೊತ್ತು. 1432ರ ಗೊಮ್ಮಟ, 1586ರ ಚತುರ್ಮುಖ ಬಸದಿ ಎರಡೂ ಕೇಂದ್ರದ ರಕ್ಷಿತ ಸ್ಮಾರಕಗಳು. ಸುತ್ತ 100 ಮೀಟರ್ ನಿಷೇಧ, ಆಚೆ ಇನ್ನೂ 200 ಮೀಟರ್ ನಿಯಂತ್ರಣ. ಕಟ್ಟಲು ಹೊರಟವರಿಗೆ ಮೊದಲೇ ತಿಳಿದಿರುವುದರಿಂದ ಹೊಂಡದ ಬಾಯಲ್ಲಿ ಜಗಳವಾಗಬೇಕಿಲ್ಲ. ಉಡುಪಿಯ ರಥಬೀದಿಯಲ್ಲಿ ಮಠಗಳ ನಡುವೆ ಎರಡು ವರ್ಷಕ್ಕೊಮ್ಮೆ ಪರ್ಯಾಯದ ಜನಸಾಗರ ಸೇರುತ್ತದೆ. ಅಲ್ಲಿ ನೆಟ್‌ವರ್ಕ್ ಬೇಕು, ಮಠಗಳ ಮಾಡಿನ ಮೇಲೆ ಕಬ್ಬಿಣ ಬೇಡ. ಮಣಿಪಾಲದಲ್ಲಿ ಹಾಸ್ಟೆಲುಗಳಿಂದಾಗಿ ಬೇಡಿಕೆ ಏರುತ್ತಲೇ ಇದೆ. ನಗರಾಭಿವೃದ್ಧಿ ಪ್ರಾಧಿಕಾರವು ಮಹಾಯೋಜನೆಯಲ್ಲೇ ಟವರಿನ ಜಾಗಗಳನ್ನು ಗುರುತಿಸಲಿ: ಸರ್ಕಾರಿ ಕಟ್ಟಡ, ನೀರಿನ ಟ್ಯಾಂಕಿಯ ಆವರಣ, ಹಳೆಯ ದೂರವಾಣಿ ಕೇಂದ್ರದ ಅಂಗಳ. ಹಾಗೆ ಗುರುತಿಸಿದಲ್ಲಿಗೆ, ಹಂಚಿಕೊಳ್ಳಲು ಒಪ್ಪಿ ಬಂದವರಿಗೆ ವಾರದಲ್ಲಿ ಅನುಮತಿ ಕೊಡಲಿ. ಖಾಸಗಿ ಜಾಗದ ಮಾಹಿತಿ ಪತ್ರ ಕೈಸೇರಿದ ದಿನವೇ ವಾರ್ಡಿನವರಿಗೆ ತಿಳಿಸಲಿ. ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಘಟ್ಟದ ಬುಡದ ಕಥೆಯೇ ಬೇರೆ. ಮಾಳದ ಕಡೆ, ಹೆಬ್ರಿಯಾಚೆ ಕಾಡಂಚಿನ ಮನೆಗಳಲ್ಲಿ ಟವರು ಬೇಡವೆಂದು ಮನವಿ ಬರೆಯುವವರಿಲ್ಲ. ಕೊರೋನಾ ಕಾಲದಲ್ಲಿ ಪಾಠ ಕೇಳಲು ಗುಡ್ಡ ಹತ್ತಿದ್ದು ಇಂಥ ಮನೆಗಳ ಮಕ್ಕಳು. ಊರೊಳಗಿನ ಒಂದೇ ಬೀದಿಯಲ್ಲಿ ಎರಡನೇ ಟವರಿಗೆ ಹೊಂಡ ತೋಡುವ ಮೊದಲು ಆ ಗುಡ್ಡದ ಮೇಲೊಂದು ಏಳಲಿ.