ಅಗ್ಗಕ್ಕೆ ಸಿಕ್ಕಿತೆಂದು ಮೀನು ಕೊಳ್ಳಬೇಡಿ

ಅಮೆರಿಕದ ಅಕ್ವೇರಿಯಂ ಸಂಘಗಳು ವರ್ಷಕ್ಕೆ ಒಂದೆರಡು ಸಲ ಮೀನಿನ ಹರಾಜು ಇಟ್ಟುಕೊಳ್ಳುತ್ತವೆ. ಚರ್ಚಿನ ಸಭಾಂಗಣವೋ ಶಾಲೆಯ ಊಟದ ಹಾಲೋ ಬಾಡಿಗೆಗೆ ಸಿಕ್ಕರೆ ಸಾಕು. ವಾರಾಂತ್ಯದ ಬೆಳಿಗ್ಗೆ ಸದಸ್ಯರು ಥರ್ಮಾಕೋಲ್ ಪೆಟ್ಟಿಗೆ ಹೊತ್ತು ಬಂದು, ಒಳಗಿನ ಪ್ಲಾಸ್ಟಿಕ್ ಚೀಲಗಳನ್ನು ಉದ್ದನೆಯ ಮೇಜುಗಳ ಮೇಲೆ ಸಾಲಾಗಿ ಜೋಡಿಸುತ್ತಾರೆ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ, ನೀರಿನಲ್ಲಿ ನಾಲ್ಕೋ ಆರೋ ಮರಿಗಳು. ದೊಡ್ಡ ಸಂಘವಾದರೆ ಇಂಥ ಚೀಲಗಳು ಸಾವಿರ ದಾಟುವುದೂ ಉಂಟು. ಕೂಗು ಒಂದು ಡಾಲರಿಗೋ ಎರಡು ಡಾಲರಿಗೋ ಶುರುವಾಗುತ್ತದೆ. ಅಂಗಡಿಯಲ್ಲಿ ಇಪ್ಪತ್ತು ಡಾಲರ್ ಹೇಳುವ ಜೋಡಿ ಇಲ್ಲಿ ಐದಾರು ಡಾಲರಿಗೆ ಮುಗಿದುಹೋದರೆ ಯಾರೂ ಆಶ್ಚರ್ಯಪಡುವುದಿಲ್ಲ.

ಹೊಸಬರ ಕಣ್ಣಿಗೆ ಮೊದಲು ಬೀಳುವುದು ಈ ಬೆಲೆಯೇ. ಆದರೆ ಹರಾಜಿನಲ್ಲಿ ಮೀನು ಕೊಳ್ಳುವುದಕ್ಕೆ ಬೆಲೆಯಷ್ಟು ದುರ್ಬಲ ಕಾರಣ ಇನ್ನೊಂದಿಲ್ಲ. ಅಂಗಡಿಯಲ್ಲಿ ಎಷ್ಟು ದುಡ್ಡು ಸುರಿದರೂ ಸಿಗದ ಒಂದು ಅನುಕೂಲ ಇಲ್ಲಿದೆ: ಆ ಮೀನನ್ನು ಮೊಟ್ಟೆಯಿಂದ ಸಾಕಿ ಬೆಳೆಸಿದವರು ಅದೇ ಹಾಲಿನಲ್ಲಿ, ನಾಲ್ಕು ಕುರ್ಚಿ ಆಚೆ ಕೂತಿರುತ್ತಾರೆ. ಅದು ಏನು ತಿನ್ನುತ್ತದೆ, ಯಾವುದರ ಜೊತೆ ಜಗಳವಾಡುತ್ತದೆ, ಎಷ್ಟು ತಿಂಗಳಿಗೆ ಮರಿ ಮಾಡುತ್ತದೆ ಎಂದು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಮೀನು ಬೆಳೆದದ್ದೂ ಹೆಚ್ಚಾಗಿ ಅದೇ ಸೀಮೆಯ ನಲ್ಲಿ ನೀರಿನಲ್ಲಿ. ಅವರನ್ನು ಮಾತಾಡಿಸದೆ ಚೀಲ ಮಾತ್ರ ಹಿಡಿದು ಮನೆಗೆ ಹೊರಟವರು ಹರಾಜಿನ ಅರ್ಧ ಲಾಭವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ.

ಈ ಸಂಘಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಬ್ರೂಕ್ಲಿನ್ ಅಕ್ವೇರಿಯಂ ಸೊಸೈಟಿ 1911ರದು, ನ್ಯೂಯಾರ್ಕಿನದೇ ಗ್ರೇಟರ್ ಸಿಟಿ ಅಕ್ವೇರಿಯಂ ಸೊಸೈಟಿ 1922ರದು. ಸಭಾಂಗಣದ ಬಾಡಿಗೆ, ಹೊರಗಿನಿಂದ ಕರೆಸುವ ಭಾಷಣಕಾರರ ಪ್ರಯಾಣದ ಖರ್ಚು, ಎಲ್ಲಕ್ಕೂ ಹರಾಜೇ ಮುಖ್ಯ ಆದಾಯ. ಚೀಲ ಮಾರಿದ ಹಣದಲ್ಲಿ ಒಂದು ಪಾಲು ಸಂಘಕ್ಕೆ, ಉಳಿದದ್ದು ತಂದವರಿಗೆ. ಜೊತೆಗೆ, ತೊಟ್ಟಿಯಲ್ಲಿ ಮರಿ ಮಾಡಿಸಿದ ಸದಸ್ಯರಿಗೆ ಅಂಕ ಕೊಡುವ ಪದ್ಧತಿಯನ್ನು ಬಹಳಷ್ಟು ಸಂಘಗಳು ಇಟ್ಟುಕೊಂಡಿವೆ. ಮರಿಗಳನ್ನು ಒಂದೆರಡು ತಿಂಗಳು ಬದುಕಿಸಿ, ಅವುಗಳಲ್ಲಿ ಕೆಲವನ್ನು ಸಂಘದ ಹರಾಜಿಗೆ ಕೊಟ್ಟರೆ ಮಾತ್ರ ಅಂಕ ಎಂಬ ನಿಯಮ ಹಲವು ಕಡೆ ಇದೆ. ಹೀಗಾಗಿ ಮೇಜಿನ ಮೇಲೆ ಬರುವ ಮೀನುಗಳಲ್ಲಿ ಬಹುಪಾಲು ಸದಸ್ಯರ ಮನೆಯಲ್ಲೇ ಹುಟ್ಟಿದವು. ಕಾಡಿನ ಹೊಳೆಯಿಂದ ಹಿಡಿದು ತಂದವು ಕಡಿಮೆ.

ಹರಾಜಿಗೆ ಹೋದವರು ಕುರ್ಚಿ ಹಿಡಿಯುವ ಮೊದಲು ಮೇಜುಗಳ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಬೇಕು, ಚೀಟಿಗಳನ್ನು ಓದಬೇಕು. ಒಳ್ಳೆಯ ಚೀಟಿಯಲ್ಲಿ ವೈಜ್ಞಾನಿಕ ಹೆಸರು, ಎಷ್ಟು ಮೀನು, ಗಂಡೆಷ್ಟು, ಹೆಣ್ಣೆಷ್ಟು, ಯಾವ ಊರಿನ ತಳಿ ಎಂಬುದೆಲ್ಲ ಇರುತ್ತದೆ. ಕಿಲ್ಲಿಮೀನು ಸಾಕುವವರು ಈ ವಿಷಯದಲ್ಲಿ ಬಹಳ ಶಿಸ್ತಿನವರು. ‘ಫಂಡ್ಯುಲೊಪ್ಯಾಂಕ್ಸ್ ಗಾರ್ಡ್ನೆರಿ, ಅಕುರೆ’ ಎಂದು ಬರೆದಿದ್ದರೆ, ನೈಜೀರಿಯದ ಅಕುರೆ ಪಟ್ಟಣದ ಕಡೆಯ ತಳಿಯನ್ನು ಬೇರೆ ಜಾಗದ ತಳಿಯೊಂದಿಗೆ ಬೆರೆಯದಂತೆ ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದಿದ್ದಾರೆ ಎಂದರ್ಥ.

ಕಿಲ್ಲಿಮೀನಿನವರ ಮೇಜಿನಲ್ಲಿ ಮೀನೇ ಕಾಣದ ಚೀಲಗಳೂ ಇರುತ್ತವೆ. ಒಳಗಿರುವುದು ಒದ್ದೆ ಮಾಡಿ ಹಿಂಡಿದ ಪೀಟ್, ನೋಡಲು ತೆಂಗಿನ ನಾರಿನ ಪುಡಿಯ ಹಾಗೆ. ಚೀಟಿಯ ಮೇಲೆ ಎರಡು ತಾರೀಕು: ಮೊಟ್ಟೆ ಶೇಖರಿಸಿದ್ದು ಎಂದು, ನೀರು ಹಾಕಬೇಕಾದ್ದು ಎಂದು. ಪೂರ್ವ ಆಫ್ರಿಕದ ನೋಥೊಬ್ರ್ಯಾಂಕಿಯಸ್ ಮೀನುಗಳು ಮಳೆಗಾಲದ ಹೊಂಡಗಳಲ್ಲಿ ಹುಟ್ಟಿ, ಹೊಂಡ ಬತ್ತುವುದರೊಳಗೆ ಕೆಸರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಮೊಟ್ಟೆಗಳು ಒಣಗಿದ ನೆಲದೊಳಗೆ ಮುಂದಿನ ಮಳೆಗೆ ಕಾದಿರುತ್ತವೆ. ಆ ಬೇಸಿಗೆಯನ್ನೇ ಸಾಕುವವರು ಚೀಲದಲ್ಲಿ ಕಟ್ಟಿ ತಂದಿರುತ್ತಾರೆ. ಒಂದು ಹಿಡಿ ಪುಡಿಯನ್ನು ಕೊಂಡವರು ವಾರಗಟ್ಟಲೆ ಕಾದು, ಹೇಳಿದ ದಿನ ತಣ್ಣನೆಯ ನೀರು ಸುರಿದರೆ ಕೆಲವು ಗಂಟೆಗಳಲ್ಲಿ ಸೂಜಿಮೊನೆಯಷ್ಟು ಮರಿಗಳು ನೀರಿನಲ್ಲಿ ಚಿಮ್ಮತೊಡಗುತ್ತವೆ. ಅವುಗಳ ಬಾಯಿಗೆ ಹಿಡಿಸುವ, ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮರಿಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿರಬೇಕು. ಇದನ್ನೆಲ್ಲ ಹೇಳಿಕೊಡುವವರು ಬೇಕಲ್ಲ? ಅದಕ್ಕಾಗಿಯೇ ಸಂಘ.

ಹವ್ಯಾಸಿಗಳು ಹೀಗೆ ಕೈಯಿಂದ ಕೈಗೆ ದಾಟಿಸಿದ ಮೀನು ಒಂದು ನದಿಯನ್ನೇ ಮತ್ತೆ ತುಂಬಿದ ಉದಾಹರಣೆ ಇದೆ. ಮೆಕ್ಸಿಕೊದ ಹಲಿಸ್ಕೊ ರಾಜ್ಯದ ಟೆಯುಚಿತ್ಲಾನ್ ನದಿಯಲ್ಲಿ ಟಕೀಲಾ ಮೀನು ಎಂಬ ಪುಟ್ಟ ಮೀನಿತ್ತು. ಮಾಲಿನ್ಯದಿಂದ, ಹೊರಗಿನ ಮೀನುಗಳ ಕಾಟದಿಂದ ಅದು ಅಲ್ಲಿಂದ ಕಣ್ಮರೆಯಾಯಿತು. ಆದರೆ ಯುರೋಪಿನ ಮೀನು ಸಾಕುವವರ ತೊಟ್ಟಿಗಳಲ್ಲಿ ಉಳಿದಿತ್ತು. ಇಂಗ್ಲೆಂಡಿನ ಹವ್ಯಾಸಿಯೊಬ್ಬರು ಬೆಳೆಸಿದ ಐದು ಜೋಡಿ 1998ರಲ್ಲಿ ಚೆಸ್ಟರ್ ಮೃಗಾಲಯದ ಮೂಲಕ ಮೆಕ್ಸಿಕೊದ ಮಿಚೊಆಕಾನ್ ವಿಶ್ವವಿದ್ಯಾಲಯ ಸೇರಿದವು. ಅಲ್ಲಿನ ವಿಜ್ಞಾನಿಗಳು ಅವುಗಳ ಸಂತಾನವನ್ನು ಹೆಚ್ಚಿಸಿ, ಕೊಳಗಳಲ್ಲಿ ಪಳಗಿಸಿ, ಕಡೆಗೆ ಸುಮಾರು 1,500 ಮೀನುಗಳನ್ನು ಹುಟ್ಟೂರಿನ ನದಿಗೆ ಬಿಟ್ಟರು. ಅವು ನೆಲೆಯೂರಿವೆ ಎಂದು 2021ರಲ್ಲಿ ಘೋಷಿಸಲಾಯಿತು. ತೊಟ್ಟಿಯ ಮೀನನ್ನು ಅಷ್ಟು ವರ್ಷ ಬೇರೆ ಜಾತಿಯೊಂದಿಗೆ ಬೆರೆಸದೆ, ಹೆಸರು ತಪ್ಪದೆ ಉಳಿಸಿಕೊಂಡು ಬಂದವರಿಲ್ಲದಿದ್ದರೆ ಆ ಐದು ಜೋಡಿ ಸಿಗುತ್ತಿರಲಿಲ್ಲ. ಚೀಟಿಯಲ್ಲಿ ಬರೆಯುವ ಒಂದು ಸಾಲಿಗೆ ಇಷ್ಟು ತೂಕವಿದೆ.

ಆದ್ದರಿಂದಲೇ ‘ಬಗೆಬಗೆಯ ಆಫ್ರಿಕನ್ ಸಿಕ್ಲಿಡ್’ ಎಂದಷ್ಟೇ ಬರೆದ ಚೀಲವನ್ನು, ಒಂದು ಡಾಲರಿಗೆ ಬಂದರೂ, ಮುಟ್ಟಬಾರದು. ಮಲಾವಿ ಸರೋವರದ ಎಷ್ಟೋ ಜಾತಿಗಳ ಹೆಣ್ಣುಗಳು ನೋಡಲು ಒಂದೇ ತರಹ ಇರುತ್ತವೆ. ಒಂದೇ ತೊಟ್ಟಿಯಲ್ಲಿ ಕೂಡಿಟ್ಟರೆ ಜಾತಿ ಬೆರೆತ ಮರಿಗಳಾಗುತ್ತವೆ. ಅವುಗಳ ಗುಣ, ಗಾತ್ರ, ಕೋಪ ಯಾವುದನ್ನೂ ಯಾರೂ ಹೇಳಲಾರರು. ಅವುಗಳ ಮರಿ ಮತ್ತೊಂದು ಹರಾಜಿಗೆ ಹೋದರೆ ಗೊಂದಲ ಮುಂದುವರಿಯುತ್ತದೆ.

ಇನ್ನೊಂದು ಬಗೆಯ ಚೀಲವಿದೆ, ಕನ್ನಡಿಗರಿಗೆ ಅದು ಹತ್ತಿರದ್ದು. ಬೆಳ್ಳಿ ಮೈ, ಮೂತಿಯಿಂದ ನಡುವಿನವರೆಗೆ ಕೆಂಪು ಗೆರೆ, ಕೆಳಗೆ ಬಾಲದವರೆಗೆ ಕಪ್ಪು ಗೆರೆ, ಬಾಲದ ತುದಿಯಲ್ಲಿ ಹಳದಿ ಕಪ್ಪು: ಡೆನಿಸನ್ ಬಾರ್ಬ್, ‘ಮಿಸ್ ಕೇರಳ’ ಎಂದು ಹೆಸರಾದ ಮೀನು. ಕೇರಳದ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳದ್ದು. 1865ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿಸ್ ಡೇ ಮದ್ರಾಸಿನ ಗವರ್ನರ್ ಡೆನಿಸನ್ನರ ಹೆಸರನ್ನು ಇದಕ್ಕೆ ಇಟ್ಟರು. 1997ರಲ್ಲಿ ಸಿಂಗಪುರದ ಆಕ್ವರಾಮಾ ಪ್ರದರ್ಶನದಲ್ಲಿ ಗಮನ ಸೆಳೆದ ಮೇಲೆ ಇದಕ್ಕೆ ಹುಟ್ಟಿದ ಬೇಡಿಕೆ ಹೊಳೆಗಳನ್ನು ಬರಿದು ಮಾಡಿತು. 2005ರಿಂದ 2012ರವರೆಗೆ ಭಾರತದಿಂದ ಅಳಿವಿನಂಚಿನ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ರಫ್ತಾದವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅವುಗಳಲ್ಲಿ ಮೂರು ಲಕ್ಷಕ್ಕೂ ಮಿಕ್ಕಿದವು ಈ ಕೆಂಪು ಗೆರೆಯವು. ಈಗ ಫಾರಂಗಳಲ್ಲಿ ಮರಿ ಮಾಡಿಸುತ್ತಾರೆ. ಆದರೆ ಅಮೆರಿಕದ ಹರಾಜಿನಲ್ಲಿ ಈ ಮೀನು ಒಂಟಿಯಾಗಿ, ಅಂಗೈಯುದ್ದ ಬೆಳೆದು, ದೊಡ್ಡ ಚೀಲದಲ್ಲಿ ಬಂದಿದ್ದರೆ ಅದನ್ನು ಮನೆಯಲ್ಲಿ ಹುಟ್ಟಿಸಿದ್ದಾರೆ ಎಂದುಕೊಳ್ಳುವಂತಿಲ್ಲ. ತೊಟ್ಟಿ ಸಾಲದೆ ಯಾರೋ ಸಾಗಹಾಕುತ್ತಿರುವ ಮೀನು ಅದು. ಹದಿನೈದು ಸೆಂಟಿಮೀಟರ್ ಬೆಳೆಯುವ, ಗುಂಪಿನಲ್ಲೇ ಬಾಳುವ, ಹರಿವ ನೀರಿನ ಮೀನು. ಆರು ಅಡಿಯ ತೊಟ್ಟಿಯೂ ಇದೇ ಜಾತಿಯ ಜೊತೆಗಾರರೂ ಮನೆಯಲ್ಲಿ ಇದ್ದವರು ಅದಕ್ಕೆ ಕೈ ಎತ್ತಲಿ, ಪುಣ್ಯದ ಕೆಲಸ. ಇಲ್ಲದವರು ಸುಮ್ಮನಿರುವುದೇ ಆ ಮೀನಿಗೆ ಮಾಡುವ ಉಪಕಾರ.

ಸುಮ್ಮನಿರುವುದು ಸುಲಭವಲ್ಲ, ನಿಜ. ಹರಾಜಿನ ಗಾಳಿಯೇ ಹಾಗೆ. ಗೆದ್ದವರು ಆ ವಸ್ತುವಿಗೆ ಎಲ್ಲರಿಗಿಂತ ಹೆಚ್ಚು ಬೆಲೆ ಕಟ್ಟಿ ಎಡವಿದವರಾಗಿರುತ್ತಾರೆ ಎಂಬುದನ್ನು 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ತೈಲ ನಿಕ್ಷೇಪಗಳ ಹರಾಜನ್ನು ನೋಡಿ ವಿವರಿಸಿದ್ದರು. ಮೀನಿನ ಹರಾಜಿನಲ್ಲಿ ಬೆಳಿಗ್ಗೆ ಆಗುವುದು ಇದೇ: ಎಲ್ಲರ ಜೇಬಿನಲ್ಲೂ ದುಡ್ಡು, ಬಣ್ಣದ ಮೀನು ಕಂಡರೆ ಪೈಪೋಟಿ. ಸಂಜೆಯ ಕಷ್ಟ ಬೇರೆ. ಅರ್ಧ ಜನ ಎದ್ದು ಹೋಗಿರುತ್ತಾರೆ, ನೂರಾರು ಚೀಲ ಉಳಿದಿರುತ್ತವೆ, ಹರಾಜುಗಾರ ಒಂದು ಡಾಲರಿಗೆ ಯಾರಾದರೂ ತಗೊಳ್ಳಿ ಎನ್ನುತ್ತಾರೆ. ಅಗ್ಗವೆಂದು ಎತ್ತಿದ ಕೈ ಹತ್ತು ಚೀಲ ಮನೆಗೆ ತರುತ್ತದೆ, ಇಡಲು ತೊಟ್ಟಿ ಇರುವುದಿಲ್ಲ. ಯಾವ ಮೀನು, ಎಷ್ಟು ಬೆಲೆಯವರೆಗೆ, ಯಾವ ತೊಟ್ಟಿಗೆ ಎಂದು ಮನೆಯಲ್ಲೇ ಬರೆದುಕೊಂಡು ಹೋದವರಿಗೆ ಈ ಎರಡೂ ಕಷ್ಟವಿಲ್ಲ.

ತಂದ ಮೇಲಿನ ಮೊದಲ ಹತ್ತು ನಿಮಿಷ ಬಹಳ ಮುಖ್ಯ. ಇಡೀ ದಿನ ಚೀಲದಲ್ಲಿ ಉಸಿರಾಡಿದ ಮೀನು ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನಿಂದ ಆ ನೀರು ಆಮ್ಲೀಯವಾಗಿರುತ್ತದೆ. ಹಾಗಿರುವಷ್ಟು ಹೊತ್ತು, ಅದರಲ್ಲಿ ಸೇರಿಕೊಂಡ ಅಮೋನಿಯಾ ಹೆಚ್ಚಿನಂಶ ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೊರಟು ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ವಿಷದ ಅಮೋನಿಯಾ ಆಗುತ್ತದೆ. ಬಿಚ್ಚಿಟ್ಟ ಚೀಲಕ್ಕೆ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬಿಡುವವರು ಒಳ್ಳೆಯದನ್ನೇ ಮಾಡಲು ಹೋಗಿ ಮೀನನ್ನು ಆ ವಿಷದಲ್ಲೇ ಕೂರಿಸುತ್ತಾರೆ. ಚೀಲವನ್ನು ಬಿಚ್ಚದೆ ತೊಟ್ಟಿಯಲ್ಲಿ ತೇಲಿಬಿಟ್ಟು ನೀರಿನ ಬಿಸಿ ಸಮವಾಗಲು ಬಿಡಬೇಕು. ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಬಲೆಯಿಂದ ಎತ್ತಿ ಬಿಟ್ಟು, ಚೀಲದ ನೀರನ್ನು ಚೆಲ್ಲಬೇಕು. ಬಿಡುವುದೂ ಹಳೆಯ ಮೀನುಗಳ ತೊಟ್ಟಿಗಲ್ಲ, ಪಳಗಿದ ಸ್ಪಾಂಜ್ ಫಿಲ್ಟರ್ ಓಡುತ್ತಿರುವ ಬೇರೆ ತೊಟ್ಟಿಗೆ, ಕನಿಷ್ಠ ಮೂರು ನಾಲ್ಕು ವಾರ.

ಗಿಡಗಳಿಗೂ ಇದೇ ಎಚ್ಚರ ಬೇಕು. 2021ರ ಮಾರ್ಚಿನಲ್ಲಿ ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ಮಾರುತ್ತಿದ್ದ ಪಾಚಿಯುಂಡೆಗಳೊಳಗೆ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಸಿಕ್ಕಿ ದೊಡ್ಡ ಗಾಬರಿಯಾಯಿತು. ಕೆರೆ ನದಿಗಳಿಗೆ ಸೇರಿದರೆ ನೀರಿನ ಪೈಪುಗಳನ್ನೇ ಕಟ್ಟಿಬಿಡುವ ಜೀವಿ ಅದು.

ನಮ್ಮಲ್ಲಿ ಗಪ್ಪಿ, ಮೋಲಿ, ಸಿಕ್ಲಿಡ್ ಮರಿ ಮಾಡಿಸುವ ಮನೆಗಳಿಗೆ ಕೊರತೆಯಿಲ್ಲ. ಹೆಚ್ಚಾದ ಮರಿಗಳಿಗೆ ದಾರಿ ಇಲ್ಲದಿರುವುದೇ ಕಷ್ಟ. ಸಾಕಲಾರದ ಮೀನನ್ನು ಕೆರೆಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಅಮೆರಿಕದ ಸಕ್ಕರ್ ಮೀನು ದೇಶದ ಹಲವು ರಾಜ್ಯಗಳ ಕೆರೆ ಹೊಳೆಗಳಲ್ಲಿ ಹಬ್ಬಿ ತೋರಿಸಿದೆ. ಬೆಂಗಳೂರು, ಮೈಸೂರು, ಮಂಗಳೂರಿನ ಹವ್ಯಾಸಿಗಳು ವರ್ಷಕ್ಕೊಮ್ಮೆ ಒಂದು ಹಾಲ್ ಹಿಡಿದು, ಮನೆಯಲ್ಲಿ ಹುಟ್ಟಿದ ಮರಿಗಳನ್ನು ಮಾತ್ರ, ಸರಿಯಾದ ಚೀಟಿಯೊಂದಿಗೆ ಹರಾಜಿಗಿಟ್ಟರೆ ಆ ಮರಿಗಳಿಗೆ ಮನೆ ಸಿಗುತ್ತದೆ, ಹೊಸಬರಿಗೆ ಗುರುಗಳು ಸಿಗುತ್ತಾರೆ. ನಿಯಮ ಕಟ್ಟುನಿಟ್ಟಾಗಿರಲಿ: ಘಟ್ಟದ ಹೊಳೆಯಿಂದ ಹಿಡಿದ ಮೀನು ಬೇಡ, ಬಣ್ಣ ಚುಚ್ಚಿದ ಮೀನು ಬೇಡ, ಏಷ್ಯನ್ ಅರೋವಾನಾದಂಥ, ಕಾನೂನಿನಂತೆ ನೋಂದಣಿ ಬೇಕಾದ ಜಾತಿಗಳು ಕಾಗದಪತ್ರವಿಲ್ಲದೆ ಒಳಗೆ ಬರುವುದು ಬೇಡ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಿಂದ ಮಂಗಳೂರಿನಲ್ಲಿದೆ. ಇಂಥ ಹರಾಜಿಗೆ ಜಾಗ ಕೊಟ್ಟು, ಮೀನುಗಳನ್ನು ಗುರುತಿಸಿ ಪರೀಕ್ಷಿಸುವ ಹೊಣೆಯನ್ನು ಆ ಕಾಲೇಜು ವಹಿಸಿಕೊಳ್ಳಲಿ, ಹವ್ಯಾಸಿಗಳು ಹೋಗಿ ಕೇಳಲಿ.