ರಬ್ಬರನ್ನು ಅಳಿಸುವ ರಬ್ಬರು

ಶತ್ರು ಎದುರಿಗೆ ನಿಂತಿದ್ದಾನೆ. ಬಾಲಕನು ಚೀಲಕ್ಕೆ ಕೈ ಹಾಕಿ ಖಡ್ಗವನ್ನಲ್ಲ, ಶಾಲೆಯ ಅಳತೆಪಟ್ಟಿಯೊಂದನ್ನು ಹೊರತೆಗೆಯುತ್ತಾನೆ. ಇನ್ನು ಮುಂದೆ ವಸ್ತುಗಳ ಉದ್ದವನ್ನು ಸುಲಭವಾಗಿ ತಿಳಿಯಬಹುದೆಂದು ಪರದೆಯ ಮೇಲೆ ಗಂಭೀರವಾದ ಸೂಚನೆ ಮೂಡುತ್ತದೆ. ಅಷ್ಟೆ. ಶತ್ರುವಿಗೆ ಎಳ್ಳಷ್ಟೂ ಪೆಟ್ಟಾಗಿಲ್ಲ. ಬಾಲಕನ ಸರದಿ ಮಾತ್ರ ವ್ಯರ್ಥವಾಗಿದೆ. ಕೋನಮಾಪಕವನ್ನು ತೆಗೆದರೂ ಇದೇ ಕಥೆ. ಕಂಪಾಸು ಪೆಟ್ಟಿಗೆಯ ಸಾಮಗ್ರಿಗಳು ಯುದ್ಧಕ್ಕೆ ಉಪಯೋಗವಿಲ್ಲವೆಂಬುದನ್ನು ಇಷ್ಟು ಮುಖ ಬಿಗಿಹಿಡಿದು ಹೇಳುವ ಆಟ ಇನ್ನೊಂದು ಇರಲಾರದು.

ಬೇಸಗೆಯ ರಜೆಯಲ್ಲಿ ಮಕ್ಕಳ ಕೈಯಿಂದ ಮೊಬೈಲನ್ನು ಬಿಡಿಸುವುದು ಹೇಗೆಂದು ಹೆತ್ತವರು ಚಿಂತಿಸುವ ಈ ದಿನಗಳಲ್ಲಿ, ವಿಡಿಯೊ ಗೇಮ್ ಒಂದನ್ನು ಹೊಗಳಿ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮೂವತ್ತು ವರ್ಷಗಳ ಹಿಂದಿನ ಈ ಜಪಾನೀ ಆಟ ಭಾಷೆಯ ವಿಷಯದಲ್ಲಿ, ಅದರಲ್ಲಿಯೂ ಒಂದು ಭಾಷೆಯ ನಗೆಯನ್ನು ಇನ್ನೊಂದು ಭಾಷೆಗೆ ದಾಟಿಸುವ ವಿಷಯದಲ್ಲಿ, ಕಲಿಸುವ ಪಾಠ ನಮ್ಮಂಥವರಿಗೆ ಬಹಳ ಹತ್ತಿರದ್ದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕ ಕನ್ನಡವನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಓದಿ, ಅಂಗಡಿಯಲ್ಲಿ ಮಲಯಾಳದಲ್ಲಿ ವ್ಯವಹರಿಸುವ ಕಾಸರಗೋಡಿನ ಮಕ್ಕಳು ದಿನಕ್ಕೆ ಹತ್ತು ಸಲ ಮಾಡುವ ಕೆಲಸವೇ ಅದು.

ಆಟದ ಹೆಸರು ಜಪಾನಿನಲ್ಲಿ ‘ಮದರ್ 2’. 1994ರ ಆಗಸ್ಟಿನಲ್ಲಿ ನಿಂಟೆಂಡೊ ಸಂಸ್ಥೆಯ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕಾಗಿ ಹೊರಬಂದಿತು. 1995ರ ಜೂನಿನಲ್ಲಿ ಅಮೆರಿಕಕ್ಕೆ ಹೋದಾಗ ಅದಕ್ಕೆ ‘ಅರ್ಥ್‌ಬೌಂಡ್’ ಎಂದು ಹೆಸರಿಡಲಾಯಿತು. ಇದರ ಕಥೆ ಮಾತುಗಳನ್ನು ರೂಪಿಸಿದವರು ಶಿಗೆಸಾತೊ ಇತೊಯಿ. ಅವರು ಮೂಲತಃ ಜಾಹೀರಾತಿನ ಬರೆಹಗಾರರು; ಒಂದೇ ಸಾಲಿನಲ್ಲಿ ಜನರನ್ನು ನಿಲ್ಲಿಸಿ ನೋಡುವಂತೆ ಮಾಡುವುದು ಅವರ ವೃತ್ತಿ. 1988ರ ‘ಮೈ ನೇಬರ್ ಟೊಟೊರೊ’ ಎಂಬ ಪ್ರಸಿದ್ಧ ಚಿತ್ರದಲ್ಲಿ ಇಬ್ಬರು ಹುಡುಗಿಯರ ತಂದೆಯ ಪಾತ್ರಕ್ಕೆ ಧ್ವನಿ ನೀಡಿದವರೂ ಅವರೇ.

ಕಥೆ ಸರಳ. ಊರಿನ ಪಕ್ಕದ ಗುಡ್ಡದ ಮೇಲೆ ಒಂದು ರಾತ್ರಿ ಉಲ್ಕೆ ಬೀಳುತ್ತದೆ. ನೆಸ್ ಎಂಬ ಬಾಲಕ ಏನಾಯಿತೆಂದು ನೋಡಲು ಹೊರಡುತ್ತಾನೆ. ಅಲ್ಲಿಂದ ಊರೂರು ಅಲೆಯುವ ದೊಡ್ಡ ಪಯಣ ಆರಂಭವಾಗುತ್ತದೆ. ಆ ಕಾಲದ ಇಂಥ ಆಟಗಳಲ್ಲಿ ರಾಜಕುಮಾರರು, ಕೋಟೆಗಳು, ಬೆಂಕಿಯುಗುಳುವ ಡ್ರ್ಯಾಗನ್‌ಗಳು ಇರುತ್ತಿದ್ದುವು. ಇಲ್ಲಿ ಇರುವುದು ಬಸ್ಸು, ಔಷಧದ ಅಂಗಡಿ, ಆಸ್ಪತ್ರೆ, ದೂರವಾಣಿ. ನಾಯಕನ ಆಯುಧ ಬೇಸ್‌ಬಾಲ್ ದಾಂಡು; ಅವನ ಗೆಳತಿ ಪಾಲಾಳ ಆಯುಧ ಕಾವಲಿ.

ಶತ್ರುಗಳಂತೂ ನೋಡುವಂತಿವೆ. ಮನೆ ಬಿಟ್ಟು ಓಡಿಬಂದ ನಾಯಿ, ಸುರುಳಿ ಸುತ್ತಿದ ಹಾವು, ಮತ್ಸರದ ಕಾಗೆ ಮೊದಲಿಗೆ ಎದುರಾಗುತ್ತವೆ. ಕಾಗೆ ಕೈಯಲ್ಲಿರುವುದನ್ನು ಕಸಿದುಕೊಳ್ಳಲೂ ಹೇಸುವುದಿಲ್ಲ. ತೆಂಗಿನಕಾಯಿ ಹೋಳು ಒಣಗಿಸಿದ ಅಂಗಳವುಳ್ಳವರಿಗೆ ಈ ಶತ್ರುವಿನ ಪರಿಚಯ ಹೇಳಬೇಕಾಗಿಲ್ಲ. ಮುಂದೆ ಸಿಡುಕಿನ ಹೆಂಗಸೊಬ್ಬಳು ಬರುತ್ತಾಳೆ. ತಾನಾಯಿತು ತನ್ನ ಪಾಡಾಯಿತು ಎಂದು ಇದ್ದ ಸಾಧು ಮನುಷ್ಯನೊಬ್ಬ ಬರುತ್ತಾನೆ. ಇಂದಿನ ಯುವಕರ ಬಗ್ಗೆ ಗೊಣಗುವುದನ್ನೇ ಯುದ್ಧತಂತ್ರವಾಗಿ ಮಾಡಿಕೊಂಡ ಮುದುಕನೊಬ್ಬ ಬರುತ್ತಾನೆ. ತನ್ನ ಜಾಗವನ್ನು ಕಾಯುವ ಓಕ್ ಮರವಿದೆ; ಸೋತರೆ ಸುಮ್ಮನೆ ಬೀಳದು, ಹೊತ್ತಿ ಸಿಡಿದು ಗೆದ್ದವನನ್ನೂ ಸುಡುತ್ತದೆ. ಕುದಿಯುವ ಕಾಫಿಯ ಲೋಟ, ಹುಚ್ಚು ಹಿಡಿದ ಟ್ಯಾಕ್ಸಿ, ತಲೆಕೆಟ್ಟ ರಸ್ತೆಯ ಫಲಕ ಇವೆಲ್ಲವೂ ಮೈಮೇಲೆ ಬರುತ್ತವೆ. ಫಲಕಗಳೊಡನೆ ಹೋರಾಟವೆಂಬುದು ಗಡಿನಾಡಿನ ನಮಗೆ ಹೊಸತೇನಲ್ಲ.

ಅಣಬೆಯೊಂದರ ಕಥೆ ಕೇಳಿ. ಅದು ಬೀಜಕಣಗಳನ್ನು ಚೆಲ್ಲಿದರೆ ಬಾಲಕನ ತಲೆಯ ಮೇಲೆ ಇನ್ನೊಂದು ಅಣಬೆ ಮೊಳೆಯುತ್ತದೆ. ಆಮೇಲೆ ಎಡಕ್ಕೆ ಹೋಗೆಂದರೆ ಅವನು ಬೇರೆತ್ತಲೋ ಹೋಗುತ್ತಾನೆ. ಆಸ್ಪತ್ರೆಯಲ್ಲಿ ಅದನ್ನು ಕಿತ್ತು ತೆಗೆಯುವವನೊಬ್ಬನಿದ್ದಾನೆ. ಅವನು ಶುಲ್ಕ ಕೇಳುವುದಿಲ್ಲ. ಅಣಬೆಯನ್ನು ತಾನಿಟ್ಟುಕೊಂಡು ರೋಗಿಗೇ 50 ಡಾಲರ್ ಕೊಡುತ್ತಾನೆ.

ಇಷ್ಟೆಲ್ಲ ಶತ್ರುಗಳಿದ್ದರೂ ಅವರ ಸೋಲಿನ ಬಗೆ ಗಮನಾರ್ಹ. ಸೋತ ನಾಯಿ ಸಾಯುವುದಿಲ್ಲ, ಸಾಧುವಾಗುತ್ತದೆ. ಸೋತ ಮನುಷ್ಯ ಮೊದಲಿನಂತಾಗುತ್ತಾನೆ. ಸೋತ ಲೋಟ ಚಲಿಸುವುದನ್ನು ನಿಲ್ಲಿಸುತ್ತದೆ. ಪ್ರಾಣಿಗೆ ಒಂದು ಮಾತು, ಮನುಷ್ಯನಿಗೆ ಒಂದು ಮಾತು, ವಸ್ತುವಿಗೆ ಇನ್ನೊಂದು ಮಾತು. ಲೋಕದಲ್ಲಿ ದುಷ್ಟರೆಂಬ ಪ್ರತ್ಯೇಕ ಜಾತಿಯಿಲ್ಲ, ಕೆಟ್ಟ ಪ್ರಭಾವಕ್ಕೆ ಸಿಕ್ಕಿದವರು ಮಾತ್ರ ಇದ್ದಾರೆ ಎಂಬ ಒಂದು ದರ್ಶನವನ್ನೇ ಲೇಖಕರು ಕ್ರಿಯಾಪದಗಳ ಆಯ್ಕೆಯಲ್ಲಿ ಅಡಗಿಸಿದ್ದಾರೆ. ವ್ಯಾಕರಣ ನೀರಸವೆಂದು ಮುಖ ತಿರುಗಿಸುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಚೀಲದೊಳಗಿನ ವಸ್ತುಗಳೂ ಹಾಗೆಯೇ. ಕೋಳಿಮೊಟ್ಟೆಯೊಂದನ್ನು ತೆಗೆದಿಟ್ಟುಕೊಂಡು ನಡೆಯುತ್ತಿದ್ದರೆ ಅದು ಚೀಲದಲ್ಲಿಯೇ ಮರಿಯಾಗುತ್ತದೆ. ಇನ್ನೂ ನಡೆದರೆ ಕೋಳಿಯಾಗುತ್ತದೆ. ಮಾರಿದರೆ ಹೆಚ್ಚು ಬೆಲೆ ಬರುತ್ತದೆ. ‘ಮಾರಾಟಕ್ಕಿದೆ’ ಎಂಬ ಫಲಕವೊಂದುಂಟು. ಅದನ್ನು ನಿಲ್ಲಿಸಿದರೆ ಗಿರಾಕಿ ತಾನೇ ಹುಡುಕಿಕೊಂಡು ಬರುತ್ತಾನೆ. ಆದರೆ ಎಲ್ಲಕ್ಕಿಂತ ಅಮೂಲ್ಯವಾದ ಸಾಧನ ದೂರವಾಣಿ. ಮನೆಯಿಂದ ದೂರವಾದ ನೆಸ್‌ಗೆ ಆಗಾಗ ಒಂದು ಕಾಯಿಲೆ ಬರುತ್ತದೆ. ವಿಷವಲ್ಲ, ಜ್ವರವಲ್ಲ, ಮನೆಯ ಹಂಬಲ. ಯುದ್ಧದ ನಡುವೆಯೇ ಅವನು ಮನೆಯ ನೆನಪಿನಲ್ಲಿ ಮುಳುಗಿ ಕೈಕಟ್ಟಿ ನಿಲ್ಲುತ್ತಾನೆ. ಇದಕ್ಕೆ ಔಷಧದ ಅಂಗಡಿಯಲ್ಲಿ ಮದ್ದಿಲ್ಲ. ಅಮ್ಮನಿಗೆ ಫೋನು ಮಾಡಿ ಎರಡು ಮಾತಾಡಿದರೆ ಗುಣವಾಗುತ್ತದೆ.

ಅಪ್ಪ ಆಟದಲ್ಲಿ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ. ಅವರು ಫೋನಿನ ಧ್ವನಿ ಮಾತ್ರ. ಮಗನ ಖಾತೆಗೆ ಹಣ ಹಾಕುತ್ತಾರೆ. ಬಹಳ ಹೊತ್ತು ಆಡುತ್ತಿದ್ದರೆ ಅವರೇ ಫೋನು ಮಾಡಿ, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬಾರದೆ ಎಂದು ಕೇಳುತ್ತಾರೆ. ಆಟವೇ ಮಕ್ಕಳಿಗೆ ಆಟ ನಿಲ್ಲಿಸೆಂದು ಹೇಳಿದರೆ ಹೆತ್ತವರಿಗೆ ಇನ್ನೇನು ಬೇಕು? ಕೊಲ್ಲಿ ದೇಶಗಳಲ್ಲಿ ದುಡಿಯುತ್ತ ಫೋನಿನಲ್ಲಷ್ಟೆ ಮನೆಯವರಾಗಿರುವ ಅಪ್ಪಂದಿರು ನಮ್ಮ ಓದುಗರ ಮನೆಗಳಲ್ಲಿಯೂ ಇದ್ದಾರೆ. ಆ ಮನೆಯ ಮಕ್ಕಳಿಗೆ ಈ ಧ್ವನಿಯನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಶೀರ್ಷಿಕೆಯ ರಬ್ಬರಿಗೆ ಬರೋಣ. ಆಟದ ಒಂದೆಡೆ ದಾರಿಗಡ್ಡವಾಗಿ ಪ್ರತಿಮೆಯೊಂದು ನಿಂತಿದೆ. ಜಪಾನೀ ಮೂಲದಲ್ಲಿ ಅದು ಅಷ್ಟಪಾದಿಯ ಪ್ರತಿಮೆ. ಅಷ್ಟಪಾದಿಗೆ ಜಪಾನಿಯಲ್ಲಿ ‘ತಾಕೊ’, ಅಳಿಸುವುದಕ್ಕೆ ‘ಕೆಶಿ’. ಊರಿನ ಬಾಲವಿಜ್ಞಾನಿಯೊಬ್ಬ ‘ತಾಕೊಕೆಶಿ’ ಯಂತ್ರವನ್ನು ತಯಾರಿಸಿ ಕೊಡುತ್ತಾನೆ, ಪ್ರತಿಮೆ ಮಾಯವಾಗುತ್ತದೆ. ಮುಂದೆ ಇನ್ನೊಂದೆಡೆ ‘ಕೊಕೆಶಿ’ಯ ಪ್ರತಿಮೆ ಅಡ್ಡವಾಗುತ್ತದೆ. ಕೊಕೆಶಿಯೆಂದರೆ ಕೈಕಾಲುಗಳಿಲ್ಲದ, ಜಪಾನಿನ ಸಾಂಪ್ರದಾಯಿಕ ಮರದ ಗೊಂಬೆ. ಅದನ್ನು ಅಳಿಸುವ ಯಂತ್ರ ‘ಕೊಕೆಶಿಕೆಶಿ’. ಹೆಸರನ್ನು ಉಚ್ಚರಿಸಿದರೆ ಸಾಕು, ಜಪಾನಿನ ಮಗು ನಗುತ್ತದೆ. ಶ್ಲೇಷೆ ಅಲ್ಲಿನ ಮಣ್ಣಿನದು.

ಅಮೆರಿಕದಲ್ಲಿ ಈ ಆಟವನ್ನು ಇಂಗ್ಲಿಷಿಗೆ ತಂದ ಮಾರ್ಕಸ್ ಲಿಂಡ್‌ಬ್ಲೊಮ್ ಮತ್ತು ಸಂಗಡಿಗರ ಮುಂದೆ ಎರಡು ದಾರಿಗಳಿದ್ದುವು. ಅಷ್ಟಪಾದಿಯನ್ನು ಅಷ್ಟಪಾದಿಯಾಗಿಯೇ ಉಳಿಸಿದ್ದರೆ ಪದ ನಿಷ್ಠವಾಗಿರುತ್ತಿತ್ತು, ನಗು ಸತ್ತುಹೋಗುತ್ತಿತ್ತು. ಆದುದರಿಂದ ಪ್ರತಿಮೆಯನ್ನೇ ಬದಲಾಯಿಸಲಾಯಿತು. ಅಷ್ಟಪಾದಿಯ ಜಾಗದಲ್ಲಿ ಕಬ್ಬಿಣದ ಪೆನ್ಸಿಲು ಬಂದಿತು. ಯಂತ್ರ ‘ಪೆನ್ಸಿಲ್ ಇರೇಸರ್’ ಆಯಿತು. ಗೊಂಬೆಯ ಜಾಗದಲ್ಲಿ ಕಬ್ಬಿಣದ ರಬ್ಬರು ಬಂದಿತು. ಯಂತ್ರ ‘ಇರೇಸರ್ ಇರೇಸರ್’ ಆಯಿತು. ರಬ್ಬರನ್ನು ಅಳಿಸುವ ರಬ್ಬರು! ಒಂದು ಪದವನ್ನೂ ಭಾಷಾಂತರಿಸಲಿಲ್ಲ. ನಗುವನ್ನು ಮಾತ್ರ ಇಡಿಯಾಗಿ ದಾಟಿಸಿದರು.

ಈ ಆಟದ ನಿರ್ಮಾಣದಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. ವರ್ಷಗಟ್ಟಲೆ ದುಡಿದರೂ ಕೆಲಸ ಕೂಡಿಬಾರದಿದ್ದಾಗ ಸಾತೊರು ಇವಾತಾ ಎಂಬ ತಂತ್ರಜ್ಞರನ್ನು ಕರೆಸಲಾಯಿತು; ಇವರೇ ಮುಂದೆ ನಿಂಟೆಂಡೊ ಸಂಸ್ಥೆಯ ಅಧ್ಯಕ್ಷರಾದರು. ಇದ್ದುದಕ್ಕೇ ತೇಪೆ ಹಾಕುವುದಾದರೆ ಎರಡು ವರ್ಷ ಬೇಕು, ಮೊದಲಿನಿಂದ ಕಟ್ಟುವುದಾದರೆ ಅರ್ಧ ವರ್ಷ ಸಾಕು ಎಂದು ಅವರು ಅಭಿಪ್ರಾಯಪಟ್ಟರು. ಎರಡನೆಯ ದಾರಿಯನ್ನೇ ಆರಿಸಲಾಯಿತು. ಅನುವಾದಕ್ಕೂ ಈ ಮಾತು ಸಲ್ಲುತ್ತದೆ. ಒಡೆದ ಶ್ಲೇಷೆಗೆ ತೇಪೆ ಹಾಕಬಾರದು. ನಮ್ಮ ಅಂಗಳದ ಮಣ್ಣಿನಿಂದ ಹೊಸತನ್ನು ಮಾಡಬೇಕು.

ಹಾಗಾದರೆ ಕನ್ನಡದಲ್ಲಿ ಏನು ಮಾಡಬಹುದು? ಪ್ರಯತ್ನಿಸೋಣ. ದಾರಿಗಡ್ಡವಾಗಿ ನಿಂತಿರುವುದು ಕಬ್ಬಿಣದ ಅಳಿಲು ಎಂದಿಟ್ಟುಕೊಳ್ಳಿ. ಅದನ್ನು ಅಳಿಸುವ ಯಂತ್ರ ‘ಅಳಿಲಳಿಸಿ’. ಅಳಿಲು ಮತ್ತು ಅಳಿಸಿ ಸೇರಿದಾಗ ಉಕಾರ ಬಿಟ್ಟುಹೋಯಿತು. ಇದು ಲೋಪಸಂಧಿಯೆಂದು ಏಳನೆಯ ತರಗತಿಯವರು ಹೇಳಬಲ್ಲರು. ಅಷ್ಟಕ್ಕೇ ಮುಗಿಯಲಿಲ್ಲ. ಕನ್ನಡದಲ್ಲಿ ಅಳಿಸುವುದೆಂದರೆ ಒರಸಿ ಹಾಕುವುದೂ ಹೌದು, ಅಳುವಂತೆ ಮಾಡುವುದೂ ಹೌದು. ಆದುದರಿಂದ ಯಂತ್ರದ ಗುಂಡಿ ಒತ್ತಿದೊಡನೆ ಅಳಿಲು ಮಾಯವಾಗುವ ಬದಲು ಬಿಕ್ಕಿ ಬಿಕ್ಕಿ ಅತ್ತು ದಾರಿ ಬಿಟ್ಟು ಹೋದರೂ ಆಯಿತು. ಇಂಥ ಸೌಲಭ್ಯ ಇಂಗ್ಲಿಷಿಗೂ ಇಲ್ಲ. ಎರಡನೆಯ ಪ್ರತಿಮೆ ಯಾವುದು? ಮಾವನ ಮನೆಯ ಪಡಸಾಲೆಯಲ್ಲಿ ಆಟಿ ತಿಂಗಳು ಕಳೆದರೂ ಕದಲದೆ ಕುಳಿತ ಕಬ್ಬಿಣದ ಅಳಿಯ. ಅವನಿಗೆ ಬೇಕಾದ ಯಂತ್ರ ‘ಅಳಿಯನಳಿಸಿ’. ಅಳಿಯಕಟ್ಟು ನಡೆದು ಬಂದ ನಾಡಿನಲ್ಲಿ ಈ ಯಂತ್ರಕ್ಕೆ ಬೇಡಿಕೆ ಎಷ್ಟಿರಬಹುದೆಂದು ಹಿರಿಯರು ಊಹಿಸಬಹುದು.

ಇದು ವಿನೋದಕ್ಕೆ ಹೇಳಿದ್ದಾದರೂ ಇದರ ಹಿಂದೆ ಒಂದು ಗಂಭೀರವಾದ ಮಾತಿದೆ. ಜಪಾನೀ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ ಸಾವಿರದಷ್ಟು ಕಾಂಜಿ ಲಿಪಿಚಿಹ್ನೆಗಳನ್ನು ಕಲಿಯಬೇಕು. ಈ ಆಟದ ಮಾತುಗಳಾದರೋ ಮಕ್ಕಳು ಮೊದಲಿಗೇ ಕಲಿಯುವ ಸರಳವಾದ ಕಾನಾ ಅಕ್ಷರಗಳಲ್ಲಿವೆ. ಅಕ್ಷರ ಕೂಡಿಸಿ ಓದಬಲ್ಲ ಮಗುವಿಗೂ ಆಟದ ಬಾಗಿಲು ತೆರೆದಿದೆ. ಆರಂಭದಲ್ಲಿ ಆಟ ಮಗುವನ್ನು ನಿನಗೆ ಪ್ರಿಯವಾದ ತಿನಿಸು ಯಾವುದೆಂದು ಕೇಳುತ್ತದೆ. ಮುಂದೆ ನೆಸ್ ಮನೆಗೆ ಮರಳಿದಾಗ ಅಮ್ಮ ಬಡಿಸುವುದು ಅದನ್ನೇ. ಪಯಣದ ನಡುವೆ ಆಡುವವರ ನಿಜ ಹೆಸರನ್ನೂ ಕೇಳುತ್ತದೆ. ಏಕೆಂದು ಆಗ ತಿಳಿಯದು. ಕಟ್ಟಕಡೆಯ ಶತ್ರುವಿನ ಮುಂದೆ ದಾಂಡು, ಕಾವಲಿ, ಮಂತ್ರಶಕ್ತಿ ಎಲ್ಲವೂ ಸೋಲುತ್ತವೆ. ಪಾಲಾ ಪ್ರಾರ್ಥಿಸುತ್ತಾಳೆ. ದಾರಿಯಲ್ಲಿ ಕಂಡ ಜನರು ಒಬ್ಬೊಬ್ಬರಾಗಿ ದೂರದಲ್ಲಿ ನಿಂತು ಆ ಮಕ್ಕಳಿಗಾಗಿ ಪ್ರಾರ್ಥಿಸುತ್ತಾರೆ. ಕೊನೆಗೆ ಪರದೆಯ ಮೇಲೆ ಮೂಡುವ ಹೆಸರು ಆಡುತ್ತಿರುವ ಮಗುವಿನದೇ. ಅದರ ಪ್ರಾರ್ಥನೆಯಿಂದಲೇ ಲೋಕ ಉಳಿಯುತ್ತದೆ.

ನಮ್ಮ ಮಗು ಆ ಜಾಗದಲ್ಲಿ ತನ್ನ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲಾರದು. ಪ್ರಿಯವಾದ ತಿನಿಸು ನೀರುದೋಸೆಯಾದರೆ ಅದನ್ನೂ ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿಯೇ ಹೇಳಬೇಕು. ಕನ್ನಡ ಮಾಧ್ಯಮದ ಮಕ್ಕಳು ಪಾಠವನ್ನು ಕನ್ನಡದಲ್ಲಿ ಕಲಿಯುತ್ತಾರೆ, ಆಟವನ್ನು ಇಂಗ್ಲಿಷಿನಲ್ಲಿ ಆಡುತ್ತಾರೆ. ಹೀಗೆ ಕನ್ನಡವು ಪರೀಕ್ಷೆಯ ಭಾಷೆ, ಇಂಗ್ಲಿಷು ನಗೆಯ ಭಾಷೆ ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಿದರೆ, ಎಷ್ಟು ಅಂಕ ಬಂದರೇನು? ಮಗು ನಗದ ಭಾಷೆಯಲ್ಲಿ ಮುಂದೆ ಮಾತೂ ಆಡದು.

ಯಾರಾದರೂ ಮಾಡಿಕೊಡಲಿ ಎಂದು ಕಾಯುವ ಅಗತ್ಯವೂ ಇಲ್ಲ. ಇದೇ ಸರಣಿಯ ‘ಮದರ್ 3’ 2006ರಲ್ಲಿ ಜಪಾನಿನಲ್ಲಿ ಪ್ರಕಟವಾಯಿತು. ಕಂಪನಿ ಅದನ್ನು ಇಂಗ್ಲಿಷಿಗೆ ತರಲಿಲ್ಲ. ಕ್ಲೈಡ್ ಮ್ಯಾಂಡೆಲಿನ್ ಎಂಬ ಅನುವಾದಕರ ಮುಂದಾಳತ್ವದಲ್ಲಿ ಅಭಿಮಾನಿಗಳೇ ಕೂಡಿ ಅನುವಾದಿಸಿ 2008ರಲ್ಲಿ ಉಚಿತವಾಗಿ ಹಂಚಿದರು. ‘ಅರ್ಥ್‌ಬೌಂಡ್’ ಅಮೆರಿಕದಲ್ಲಿ ಮೊದಲಿಗೆ ಹೆಚ್ಚು ಮಾರಾಟವಾಗಲಿಲ್ಲ. ಆದರೆ ಅದನ್ನು ಮೆಚ್ಚಿ ಬೆಳೆದ ಟೋಬಿ ಫಾಕ್ಸ್ ಎಂಬ ತರುಣ 2015ರಲ್ಲಿ ‘ಅಂಡರ್‌ಟೇಲ್’ ಎಂಬ ಆಟವನ್ನು ರಚಿಸಿ ಲೋಕಪ್ರಸಿದ್ಧರಾದರು. ಅಲ್ಲಿ ಯಾವ ಶತ್ರುವನ್ನೂ ಕೊಲ್ಲದೆಯೇ ಆಟ ಮುಗಿಸಬಹುದು.

ಈ ರಜೆಗೆ ಒಂದು ಮನೆಗೆಲಸ. ಮಕ್ಕಳು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ತಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯ ನಕ್ಷೆ ಬರೆಯಲಿ. ಆ ದಾರಿಯಲ್ಲಿ ಎದುರಾಗಬಹುದಾದ ಐದು ಶತ್ರುಗಳನ್ನೂ ಚೀಲದಲ್ಲಿರಬೇಕಾದ ಐದು ವಸ್ತುಗಳನ್ನೂ ಕಲ್ಪಿಸಿ ಹೆಸರಿಡಲಿ. ಕಾಲುಸಂಕದ ಕೆಳಗಿನ ಸಿಟ್ಟಿನ ಏಡಿ, ತೋಟದ ಬೇಲಿಯ ಮುಟ್ಟಿದರೆ ಮುನಿ, ತಾನೇ ತೆರೆದುಕೊಳ್ಳುವ ಕೊಡೆ, ಯಾವುದಾದರೂ ಆಗಬಹುದು. ಹೆಸರು ಕನ್ನಡದಲ್ಲಿರಬೇಕು, ಕೇಳಿದರೆ ಅಜ್ಜಿ ನಗಬೇಕು, ನಿಯಮ ಇಷ್ಟೆ. ಶತ್ರು ಸೋತಾಗ ಏನಾಗುತ್ತದೆಂಬುದನ್ನು ಒಂದು ವಾಕ್ಯದಲ್ಲಿ ಬರೆಯಲು ಮರೆಯಬಾರದು. ಕ್ರಿಯಾಪದವನ್ನು ಯೋಚಿಸಿ ಆರಿಸಬೇಕು.

ಹೆತ್ತವರಿಗೂ ಒಂದು ಪ್ರಶ್ನೆ ಉಳಿದಿದೆ. ಅಳಿಲಳಿಸಿಯೇ ದಾರಿಗಡ್ಡವಾಗಿ ನಿಂತರೆ ಅದನ್ನು ಅಳಿಸುವ ಯಂತ್ರಕ್ಕೆ ಏನೆಂದು ಹೆಸರಿಡೋಣ?