ಹಬೆ ಕಾಣದ ಟ್ರೇಗೆ ಬೀಜ ಬೇಡ



ಕೋಲಾರದ ಟೊಮೆಟೊ ಮಾರುಕಟ್ಟೆ ಬಗ್ಗೆ ಎಲ್ಲರೂ ಹೆಮ್ಮೆಯಿಂದ ಮಾತಾಡ್ತಾರೆ. ಆ ಟೊಮೆಟೊ ಮೊದಲು ಕಣ್ಣು ಬಿಡೋ ಕಪ್ಪು ಪ್ಲಾಸ್ಟಿಕ್ ಟ್ರೇ ಬಗ್ಗೆ ಯಾರೂ ಮಾತಾಡಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲೇ ಹೋದರೂ ನರ್ಸರಿಗಳಿವೆ. 98 ಗುಳಿಯ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ ಗುಳಿಗೊಂದು ಬೀಜ ಹಾಕ್ತಾರೆ. ಸಸಿ ಮಾರಿದ ಮೇಲೆ ಅದೇ ಟ್ರೇ ಮತ್ತೆ ಬಳಕೆಗೆ ಬರುತ್ತದೆ. ಅದು ತಪ್ಪಲ್ಲ, ದುಡ್ಡು ಉಳಿಯುತ್ತೆ. ಆದರೆ ಬರೀ ನೀರಲ್ಲಿ ಅದ್ದಿ ತೆಗೆದರೆ ಸಾಲದು ಎಂಬುದು ನನ್ನ ಅಭಿಪ್ರಾಯ.

ಗುಳಿಯಲ್ಲಿ ಅಂಟಿದ ಹಳೇ ಬೇರಿನಲ್ಲಿ ಪಿಥಿಯಂ, ರೈಜೊಕ್ಟೋನಿಯಾ ಎಂಬ ರೋಗಕಾರಕಗಳು ಉಳಿದಿರಬಹುದು. ಆಗ ಹೊಸ ಸಸಿ ಎರಡೆಲೆ ಬಿಡುವ ಹೊತ್ತಿಗೆ ಬುಡ ಕೊಳೆತು ಮಗ್ಗುಲಿಗೆ ಬೀಳುತ್ತೆ. ಹೋದ ವರ್ಷ ನಮ್ಮಪ್ಪ ಬೀಜ ಕೊಟ್ಟು ಬೆಳೆಸಲು ಹೇಳಿದ್ದ ಸಸಿಯಲ್ಲಿ ಅರ್ಧ ಹೀಗೇ ಹೋಯಿತು. ಬೀಜ ಸರಿಯಿಲ್ಲ ಅಂದರು. ಅದೇ ಪೊಟ್ಟಣದ ಬೀಜ ಹೊಸ ಟ್ರೇಗಳಲ್ಲಿ ಚೆನ್ನಾಗಿಯೇ ಬಂದಿತ್ತಲ್ಲ! ಕಮ್ಮಿ ಬಿದ್ದ ಸಸಿ ಕೊಳ್ಳಲು ಅಪ್ಪ ಸಾಲ ಮಾಡಬೇಕಾಯಿತು.

ರೇಷ್ಮೆ ಸಾಕುವವರನ್ನು ನೋಡಿ. ಒಂದು ಬೆಳೆ ಮುಗಿದರೆ ಹುಳು ಮನೆ, ತಟ್ಟೆ, ಚಂದ್ರಿಕೆ ಎಲ್ಲ ತೊಳೆದು ಬ್ಲೀಚಿಂಗ್ ಪುಡಿ ನೀರು ಹೊಡೆದ ಮೇಲೇ ಮುಂದಿನ ಹುಳು ತರೋದು. ಹುಳುವಿಗಿರೋ ಮರ್ಯಾದೆ ಸಸಿಗಿಲ್ಲವೇ?

ಟ್ರೇಗೂ ಬ್ಲೀಚಿಂಗ್ ನಡೆಯುತ್ತೆ, ಆದರೆ ಕೊಳೆ ಇದ್ದಲ್ಲಿ ಅದರ ಶಕ್ತಿ ಕುಂದುತ್ತದೆ. ಹಬೆಯಾದರೆ ಸಂದಿಗೊಂದಿಗೂ ನುಗ್ಗುತ್ತೆ, ಔಷಧಿಯ ಅಂಶವೂ ಉಳಿಯಲ್ಲ. ಮೊದಲು ಉಜ್ಜಿ ತೊಳೆದು, ಒದ್ದೆ ಇರುವಾಗಲೇ ಟ್ರೇಗಳನ್ನು ಸಡಿಲವಾಗಿ ಜೋಡಿಸಿ, ದಪ್ಪ ಟಾರ್ಪಾಲು ಮುಚ್ಚಿ ಹಬೆ ಬಿಡಬೇಕು. ಜೋಡಣೆಯ ನಟ್ಟನಡುವೆ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ 30 ನಿಮಿಷ ಇಡಬೇಕು. ಅಂಚು ಬಿಸಿಯಾದರೆ ಲೆಕ್ಕಕ್ಕಿಲ್ಲ. ಇಡ್ಲಿ ಥರ ಕುದಿಯೋ ಹಬೆಯಲ್ಲೇ ಬಿಟ್ಟರೆ ತೆಳು ಟ್ರೇ ಸೊಟ್ಟಗಾಗುತ್ತೆ. ನೀರು ಕಾಯಿಸೋ ಡ್ರಮ್ಮನ್ನು ಹಬೆ ಹೋಗದ ಹಾಗೆ ಬಿಗಿಯಾಗಿ ಮುಚ್ಚಬಾರದು, ಸಿಡಿದೀತು. ಕೊನೆಗೆ ಇದನ್ನೆಲ್ಲ ಮಾಡಿ ಟ್ರೇಗಳನ್ನು ಮತ್ತೆ ಮಣ್ಣಿನ ಮೇಲೇ ಇಟ್ಟರೆ ಸೌದೆ ದಂಡ.

ಸೌದೆ ಖರ್ಚು ಯಾರು ಕೊಡ್ತಾರೆ ಅಂತ ನರ್ಸರಿಯವರು ಕೇಳಬಹುದು. ನ್ಯಾಯವೇ. ಸಸಿಗೆ ಸ್ವಲ್ಪ ಹೆಚ್ಚು ಕೊಡೋಣ. ಆದರೆ ಟ್ರೇ ಹಬೆ ಕಂಡಿದೆಯಾ ಅಂತ ಕೇಳಿಯೇ ಕೊಡೋಣ.

ನಮ್ಮ ಶಾಲೆ ತೋಟದಲ್ಲಿ ಹಳೇ ಟ್ರೇಗಳು ಬಿದ್ದಿವೆ. ವಿಜ್ಞಾನದ ಮೇಷ್ಟ್ರು ಥರ್ಮಾಮೀಟರ್ ಕೊಟ್ಟು ಒಲೆ ಹತ್ತಿರ ತಾವೇ ನಿಂತರೆ, ಅರ್ಧದಷ್ಟಕ್ಕೆ ಹಬೆ, ಮಿಕ್ಕವಕ್ಕೆ ಬರೀ ನೀರು ತೋರಿಸಿ, ಒಂದೇ ಪೊಟ್ಟಣದ ಬೀಜ ಹಾಕೋಣ. ಬಿದ್ದ ಸಸಿಗಳ ಲೆಕ್ಕ ಇದೇ ಗೋಡೆ ಮೇಲೆ ಬರೀತೀನಿ.